ಒಂದು ನೌಕರಿಯ ನಿಜವಾದ ಬೆಲೆ

ಬಡ ಉದ್ಯೋಗಾಕಾಂಕ್ಷಿಗಳ ಸಂಬಳವನ್ನು ಕೆಲವು ತಿಂಗಳ ಕಾಲ ಸರ್ಕಾರವೇ ಪೂರ್ತಿಯಾಗಿಯೋ ಭಾಗಶಃವೋ ಭರಿಸುವ ಅಮೆರಿಕದ ಯೋಜನೆಗಳ ಬಗ್ಗೆ ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ‘ಇವು ದುಬಾರಿ ಯೋಜನೆಗಳು’ ಎಂದು ಅಲ್ಲಿ ಹೇಳಿದ ಮಾತು ಅನೇಕ ಓದುಗರಿಗೆ ಅರ್ಧಕ್ಕೆ ನಿಂತಂತೆ ಕಂಡಿದೆ; ಅವರ ಆಕ್ಷೇಪ ಸರಿಯಾದುದೇ. ಬಂದಿರುವ ಪತ್ರಗಳಲ್ಲಿ ಬಹುಪಾಲು ಖರ್ಚಿನ ಸುತ್ತಲೇ ಇರುವುದರಿಂದ ಈ ಸಲದ ಪುಟಗಳನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇನೆ.

ಪ್ರಶ್ನೆ: ಸರ್ಕಾರವೇ ಸಂಬಳ ಕೊಟ್ಟು ಒಬ್ಬರನ್ನು ಆರು ತಿಂಗಳು ಕೆಲಸಕ್ಕೆ ಹಚ್ಚಲು ಎಷ್ಟು ಖರ್ಚಾಗುತ್ತದೆ ಎಂಬುದಕ್ಕೆ ಒಂದು ಅಂಕಿ ಕೊಡಬಾರದೇ? ದುಬಾರಿ ಎಂಬ ಒಂದು ಮಾತಿನಿಂದ ಲೆಕ್ಕಪತ್ರ ನೋಡಿದವರಿಗೆ ಸಮಾಧಾನವಾಗುವುದಿಲ್ಲ.
— ನಿವೃತ್ತ ಲೆಕ್ಕಾಧಿಕಾರಿಯೊಬ್ಬರು

ಉತ್ತರ: ಒಂದು ಅಂಕಿ ಕೊಟ್ಟು ಮುಗಿಸುವುದಕ್ಕಿಂತ ಲೆಕ್ಕವನ್ನೇ ತಮ್ಮ ಮುಂದೆ ಬಿಡಿಸಿಡುವುದು ಮೇಲು. ಅಮೆರಿಕದ ಒಕ್ಕೂಟ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ 2009ರ ಜುಲೈನಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ವಾರಕ್ಕೆ 25 ಗಂಟೆಯಂತೆ 26 ವಾರ ದುಡಿದರೆ 650 ಗಂಟೆಗಳಾಗುತ್ತವೆ. ಸಂಬಳದ ಬಾಬ್ತು 4,712 ಡಾಲರ್ 50 ಸೆಂಟ್. ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ (ಮುಖ್ಯವಾಗಿ ಹಿರಿಯರ ಆರೋಗ್ಯ ವಿಮೆ) ಲೆಕ್ಕಕ್ಕೆ ಕೆಲಸ ಕೊಟ್ಟವರು ಕಟ್ಟಬೇಕಾದ ಶೇ 7.65ರ ಪಾಲು ಸುಮಾರು 360 ಡಾಲರ್. ಎರಡನ್ನೂ ಕೂಡಿದರೆ 5,073 ಡಾಲರಿನ ಆಸುಪಾಸು. ಹಲವು ರಾಜ್ಯಗಳ ಕನಿಷ್ಠ ವೇತನ ಇದಕ್ಕಿಂತ ಎಷ್ಟೋ ಹೆಚ್ಚಿದೆ. ಗಂಟೆಗೆ 15 ಡಾಲರ್ ಎಂದಿಟ್ಟುಕೊಂಡರೆ ಅಷ್ಟೇ ಗಂಟೆಗಳ ಸಂಬಳವೇ 9,750 ಡಾಲರಿಗೆ ಏರುತ್ತದೆ. ಕೆಲಸದ ಜಾಗದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ವಿಮೆಯ ಕಂತು ಇದರ ಮೇಲೆ ಬೇರೆ ಬೀಳುತ್ತದೆ.

ಇಲ್ಲಿಯವರೆಗಿನದು ಕಣ್ಣಿಗೆ ಕಾಣುವ ಖರ್ಚು. ಆಯವ್ಯಯ ಬರೆಯುವವರು ಮೊದಲ ವರ್ಷ ಎಡವುವುದು ಇದರಾಚೆಗಿನ ಬಾಬ್ತುಗಳಲ್ಲಿ. ಅಭ್ಯರ್ಥಿಗಳನ್ನು ಹುಡುಕಿ, ಅವರ ಅರ್ಹತೆಯ ದಾಖಲೆಗಳನ್ನು ಪರಿಶೀಲಿಸಿ, ಅವರಿಗೆ ಹೊಂದುವ ಕೆಲಸದ ಜಾಗವನ್ನು ಹತ್ತಾರು ಮಾಲೀಕರೊಡನೆ ಮಾತಾಡಿ ಒಪ್ಪಿಸಿ, ಕೆಲಸಕ್ಕೆ ಸೇರಿದ ಮೇಲೂ ವಾರವಾರ ವಿಚಾರಿಸಿಕೊಳ್ಳುವ ಸಿಬ್ಬಂದಿಗೆ ಸಂಬಳ ಕೊಡಬೇಕು. ಬಸ್ಸಿನ ಪಾಸು, ಸುರಕ್ಷತಾ ಬೂಟು, ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇವೆಲ್ಲ ಬಿಡಿಬಿಡಿಯಾಗಿ ಚಿಲ್ಲರೆಯಂತೆ ಕಂಡರೂ ಇವುಗಳಲ್ಲಿ ಒಂದು ತಪ್ಪಿದರೆ ಅಭ್ಯರ್ಥಿ ಎರಡನೆಯ ವಾರಕ್ಕೇ ಕೆಲಸ ಬಿಡುತ್ತಾನೆ, ಅವನ ಮೇಲೆ ಅದುವರೆಗೆ ಮಾಡಿದ ಖರ್ಚು ನೀರಿಗೆ ಬೀಳುತ್ತದೆ. ಕಾನೂನಿನ ಪ್ರಕಾರ ಈ ಅಭ್ಯರ್ಥಿಗಳ ‘ಮಾಲೀಕ’ ಯಾರು ಎಂಬುದೂ ಹಣದ ಪ್ರಶ್ನೆಯೇ ಆಗಿದೆ. ಏಕೆಂದರೆ ಹಾಜರಿ ಪಟ್ಟಿ, ಸಂಬಳ ಬಟವಾಡೆ, ತೆರಿಗೆ ಕಡಿತ, ವಿಮೆ, ಮೊಕದ್ದಮೆಯ ಅಪಾಯ ಎಲ್ಲವೂ ಆ ಒಬ್ಬರ ಹೆಗಲೇರುತ್ತವೆ.

ಯೋಜನೆಯ ಸ್ವರೂಪ ಬದಲಾದಂತೆ ಲೆಕ್ಕವೂ ಬದಲಾಗುತ್ತದೆ. ಖಾಸಗಿ ಮಾಲೀಕರ ಬಳಿಗೇ ಅಭ್ಯರ್ಥಿಯನ್ನು ಕಳಿಸಿ ಸಂಬಳದ ಪಾಲನ್ನು ಮರುಪಾವತಿ ಮಾಡುವ ಕ್ರಮದಲ್ಲಿ ಮೇಲ್ವಿಚಾರಣೆ ಮಾಲೀಕರದೇ ಆಗಿರುತ್ತದೆ, ಹಾಗಾಗಿ ಅಗ್ಗ. ಯೋಜನೆಯೇ ತಂಡ ಕಟ್ಟಿ ಶುಚಿಗೊಳಿಸುವ, ದುರಸ್ತಿ ಮಾಡುವ ಕೆಲಸಗಳಿಗೆ ಕಳಿಸಿದರೆ ಮೇಲ್ವಿಚಾರಕರ ಸಂಬಳ, ವ್ಯಾನು, ಉಪಕರಣಗಳು ಸೇರಿ ತಲಾ ವೆಚ್ಚ ಬೇಗ ಏರುತ್ತದೆ. ಆದರೆ ಆ ತಂಡದ ಕೆಲಸವನ್ನು ಮಾರಬಹುದು. ನ್ಯೂಯಾರ್ಕಿನಲ್ಲಿ ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸ ಕೊಡುವ ಸೆಂಟರ್ ಫಾರ್ ಎಂಪ್ಲಾಯ್‌ಮೆಂಟ್ ಆಪರ್ಚುನಿಟೀಸ್ ಎಂಬ ಸಂಸ್ಥೆ ಸಾರ್ವಜನಿಕ ಕಟ್ಟಡಗಳ ಶುಚಿತ್ವ ಮತ್ತು ನಿರ್ವಹಣೆಯ ಗುತ್ತಿಗೆ ಹಿಡಿದು, ಬಂದ ಹಣವನ್ನು ಸಂಬಳಕ್ಕೆ ಬಳಸುತ್ತದೆ. ಅಂಥಲ್ಲಿ ಒಟ್ಟು ಖರ್ಚಿಗೂ ಖಜಾನೆಯಿಂದ ಹೋಗುವ ನಿವ್ವಳ ಖರ್ಚಿಗೂ ಸಾಕಷ್ಟು ಅಂತರವಿರುತ್ತದೆ.

ತಾವು ಲೆಕ್ಕಪತ್ರದವರಾದ್ದರಿಂದ ಇನ್ನೊಂದು ಮಾತು. ಭಾಜ್ಯವನ್ನು ನೋಡುವಷ್ಟೇ ಎಚ್ಚರದಿಂದ ಭಾಜಕವನ್ನೂ ನೋಡಬೇಕು. ಒಂದು ಯೋಜನೆಗೆ ನೂರು ಜನ ಹೆಸರು ಬರೆಸಿದರು, ಅವರಲ್ಲಿ ನಲವತ್ತು ಜನರಿಗಷ್ಟೇ ಮಾಲೀಕರು ಸಿಕ್ಕರು, ಒಟ್ಟು ಖರ್ಚು 2,40,000 ಡಾಲರ್ ಎಂದು ಭಾವಿಸಿ. ಹೆಸರು ಬರೆಸಿದವರಿಂದ ಭಾಗಿಸಿದರೆ ತಲಾ 2,400 ಡಾಲರ್. ನಿಜವಾಗಿ ದೊರೆತ ನೌಕರಿಗಳಿಂದ ಭಾಗಿಸಿದರೆ 6,000 ಡಾಲರ್. ಎರಡೂ ಸುಳ್ಳಲ್ಲ. ಆದರೆ ಯಾರಿಗೂ ಕೆಲಸ ಕೊಡಿಸದ ಯೋಜನೆ ಮೊದಲ ಲೆಕ್ಕದಲ್ಲಿ ಎಲ್ಲಕ್ಕಿಂತ ಮಿತವ್ಯಯಿಯಾಗಿ ಮೆರೆಯುತ್ತದೆ ಎಂಬುದನ್ನು ಮರೆಯಬಾರದು.

ಪ್ರಶ್ನೆ: ಮಾಲೀಕರು ಹೇಗೂ ಯಾರನ್ನಾದರೂ ನೇಮಿಸಿಕೊಳ್ಳಲೇಬೇಕು. ಅವರಿಗೆ ಸರ್ಕಾರ ಹಣ ಕೊಟ್ಟರೆ ಅದು ಉಂಡವನಿಗೇ ಮತ್ತೆ ಎಲೆ ಹಾಕಿದಂತಲ್ಲವೇ? ಬಡವನಿಗೆ ಇದರಿಂದ ಏನು ಸಿಕ್ಕಿತು?
— ಸಣ್ಣ ಉದ್ದಿಮೆಯೊಂದನ್ನು ನಡೆಸುವ ಓದುಗರು

ಉತ್ತರ: ಇಡೀ ವಿಷಯದ ತಿರುಳಿಗೇ ತಾವು ಕೈಹಾಕಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಇಂಥ ಯೋಜನೆಗಳ ಅತಿ ದೊಡ್ಡ ಖರ್ಚು ಯಾವ ಲೆಕ್ಕಪುಸ್ತಕದಲ್ಲೂ ಒಂದು ಸಾಲಾಗಿ ಬರುವುದಿಲ್ಲ: ಹೇಗೂ ಆಗುತ್ತಿದ್ದ ನೇಮಕಾತಿಗೆ ತೆತ್ತ ಹಣವೇ ಆ ಖರ್ಚು.

ಅಮೆರಿಕ 1978ರಲ್ಲಿ ಟಾರ್ಗೆಟೆಡ್ ಜಾಬ್ಸ್ ಟ್ಯಾಕ್ಸ್ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿಯನ್ನು ತಂದಿತು. ಬಡತನದಲ್ಲಿರುವ ಯುವಕರು, ಸರ್ಕಾರಿ ನೆರವಿನ ಮೇಲೆ ಬದುಕುವವರು, ಅಂಗವಿಕಲರು ಮುಂತಾದ ಗೊತ್ತುಪಡಿಸಿದ ವರ್ಗಗಳವರನ್ನು ನೇಮಿಸಿಕೊಂಡ ಉದ್ದಿಮೆಗೆ ತೆರಿಗೆಯಲ್ಲಿ ಕಡಿತ ಸಿಗುತ್ತಿತ್ತು. ಆ ದೇಶದ ಕಾರ್ಮಿಕ ಇಲಾಖೆಯ ಮಹಾನಿರೀಕ್ಷಕರ ಕಚೇರಿ 1994ರಲ್ಲಿ ಇದನ್ನು ತಪಾಸಣೆಗೆ ಒಳಪಡಿಸಿದಾಗ, ಹೀಗೆ ನೇಮಕಗೊಂಡವರಲ್ಲಿ ಶೇ 92ರಷ್ಟು ಮಂದಿಯನ್ನು ಮಾಲೀಕರು ರಿಯಾಯಿತಿ ಇಲ್ಲದಿದ್ದರೂ ನೇಮಿಸಿಕೊಳ್ಳುತ್ತಿದ್ದರು ಎಂಬುದು ಹೊರಬಿತ್ತು. ಅದೇ ವರ್ಷದ ಕೊನೆಗೆ ಆ ರಿಯಾಯಿತಿ ನಿಂತಿತು. 1996ರಲ್ಲಿ ಅದರ ಜಾಗಕ್ಕೆ ವರ್ಕ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ ಬಂತು. ಹೆಚ್ಚಿನ ವರ್ಗಗಳಿಗೆ ಇದರ ಲೆಕ್ಕ ಹೀಗಿತ್ತು: ನೌಕರ ಕನಿಷ್ಠ 400 ಗಂಟೆ ದುಡಿದರೆ ಮೊದಲ ವರ್ಷದ ಸಂಬಳದ ಮೊದಲ 6,000 ಡಾಲರಿನ ಶೇ 40, ಅಂದರೆ ಗರಿಷ್ಠ 2,400 ಡಾಲರ್, 120 ಗಂಟೆ ದಾಟಿ 400 ಮುಟ್ಟದಿದ್ದರೆ ಶೇ 25. ಕೆಲಸ ಆರಂಭವಾದ 28 ದಿನಗಳೊಳಗೆ ಅರ್ಜಿ ನಮೂನೆಯನ್ನು ಸಲ್ಲಿಸಬೇಕು ಎಂಬ ನಿಯಮವೂ ಇತ್ತು.

ಮೇಲ್ನೋಟಕ್ಕೆ ಒಬ್ಬರಿಗೆ 2,400 ಡಾಲರ್ ಎಂದರೆ ಅಗ್ಗವೇ. ಆದರೆ ಹಳೆಯ ತಪಾಸಣೆಯ ಪ್ರಮಾಣವನ್ನು ಕೇವಲ ಉದಾಹರಣೆಗೆಂದು ಈ ಮೊತ್ತಕ್ಕೆ ಅನ್ವಯಿಸಿ ನೋಡಿ. ನೂರು ನೇಮಕಾತಿಗಳಿಗೆ ರಿಯಾಯಿತಿ ಕೊಟ್ಟು, ಅವುಗಳಲ್ಲಿ ಎಂಟು ಮಾತ್ರ ಹೊಸದಾಗಿ ಹುಟ್ಟಿದವಾದರೆ, ಪ್ರತಿ ಹೊಸ ನೇಮಕಾತಿಗೆ ಹನ್ನೆರಡೂವರೆ ಪಟ್ಟು, ಅಂದರೆ 30,000 ಡಾಲರ್ ತೆತ್ತಂತಾಯಿತು. ಮೊದಲ ಪ್ರಶ್ನೆಗೆ ಉತ್ತರವಾಗಿ ಬಿಡಿಸಿಟ್ಟ ಆರು ತಿಂಗಳ ಸಂಬಳದ ‘ದುಬಾರಿ’ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಯಾವುದು ಅಗ್ಗ ಯಾವುದು ದುಬಾರಿ ಎಂಬುದು ತಲೆಕೆಳಗಾಗುತ್ತದೆ. ಕಾಗದದ ಮೇಲೆ ತಲಾ ವೆಚ್ಚ ಹೆಚ್ಚಿದ್ದರೂ, ತಾನಾಗಿ ಯಾರೂ ಕರೆಯದ ಜನರನ್ನೇ ಆರಿಸಿಕೊಂಡ ಯೋಜನೆಯಲ್ಲಿ ವ್ಯರ್ಥವಾಗುವ ಡಾಲರುಗಳು ಕಡಿಮೆ.

ಹಾಗಾದರೆ ಅಂಥ ಜನರ ಕೈಗೇ ಒಂದು ಚೀಟಿ ಕೊಟ್ಟು, ‘ನನ್ನನ್ನು ನೇಮಿಸಿಕೊಂಡರೆ ನಿಮಗೆ ಸರ್ಕಾರ ಹಣ ಕೊಡುತ್ತದೆ’ ಎಂದು ಮಾಲೀಕರಿಗೆ ತೋರಿಸಲು ಹೇಳಿದರೆ ಸಾಲದೇ ಎಂದು ಕೇಳಬಹುದು. ಓಹಿಯೋ ರಾಜ್ಯದ ಡೇಟನ್‌ನಲ್ಲಿ 1980–81ರಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದರು. ಸರ್ಕಾರಿ ನೆರವು ಪಡೆಯುತ್ತಿದ್ದ ಉದ್ಯೋಗಾಕಾಂಕ್ಷಿಗಳನ್ನು ಲಾಟರಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ತೆರಿಗೆ ರಿಯಾಯಿತಿಯ ಚೀಟಿ, ಇನ್ನೊಂದಕ್ಕೆ ನಗದು ಮರುಪಾವತಿಯ ಚೀಟಿ ಕೊಟ್ಟರು, ಮೂರನೆಯದಕ್ಕೆ ಚೀಟಿಯಿಲ್ಲ. ಚೀಟಿ ಹಿಡಿದು ಹೋದವರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಕೆಲಸ ಸಿಕ್ಕರೆ, ಬರಿಗೈಯಲ್ಲಿ ಹೋದವರಲ್ಲಿ ಸುಮಾರು 21 ಮಂದಿಗೆ ಸಿಕ್ಕಿತು. ಚೀಟಿಯೇ ಹಣೆಪಟ್ಟಿಯಾಗಿ, ‘ಇವರಲ್ಲೇನೋ ಊನವಿರಬೇಕು, ಅದಕ್ಕೇ ಸರ್ಕಾರ ದುಡ್ಡು ಕೊಟ್ಟು ಕಳಿಸಿದೆ’ ಎಂಬ ಸಂದೇಹವನ್ನು ಮಾಲೀಕರಲ್ಲಿ ಹುಟ್ಟಿಸಿರಬೇಕು ಎಂದು ಅರ್ಥಶಾಸ್ತ್ರಜ್ಞರು ಇದನ್ನು ವಿವರಿಸಿದರು. ಈ ಫಲಿತಾಂಶವನ್ನು ಮೊದಲ ಸಲ ಓದಿದಾಗ ಕೋಷ್ಟಕದ ಅಂಕಣಗಳನ್ನು ಅದಲುಬದಲಾಗಿ ಅಚ್ಚು ಹಾಕಿದ್ದಾರೆಂದೇ ನಾನು ಭಾವಿಸಿದ್ದೆ. ಮಾಲೀಕರನ್ನು ಮುಂಚಿತವಾಗಿ ಕಂಡು ಮಾತಾಡುವ, ಅಭ್ಯರ್ಥಿಯ ಪರವಾಗಿ ಹೊಣೆ ಹೊರುವ ಸಿಬ್ಬಂದಿಯ ಸಂಬಳವನ್ನು ‘ಆಡಳಿತ ವೆಚ್ಚ’ವೆಂದು ಮೂಗುಮುರಿಯುವವರು ಈ ಪ್ರಯೋಗವನ್ನು ನೆನಪಿಡಬೇಕು, ಆ ವೆಚ್ಚವನ್ನು ಕಡಿದರೆ ಉಳಿಯುವುದು ಬರೀ ಚೀಟಿ.

ಮಾಲೀಕರ ಜಾಗದಲ್ಲಿ ಸರ್ಕಾರವೇ ಇದ್ದರೂ ಈ ಸೋರಿಕೆ ತಪ್ಪಿದ್ದಲ್ಲ. 1973ರ ಕೊನೆಯಲ್ಲಿ ಜಾರಿಗೆ ಬಂದ ಸೀಟಾ ಎಂಬ ಕಾನೂನಿನಡಿ ನಗರಗಳೂ ಕೌಂಟಿಗಳೂ ಒಕ್ಕೂಟ ಸರ್ಕಾರದ ಹಣದಿಂದ ಸಾರ್ವಜನಿಕ ಸೇವೆಯ ನೌಕರಿಗಳನ್ನು ಕೊಟ್ಟವು. 1978ರಲ್ಲಿ ಅವುಗಳ ಸಂಖ್ಯೆ ಏಳೂವರೆ ಲಕ್ಷದ ಹತ್ತಿರಕ್ಕೆ ಮುಟ್ಟಿತ್ತು. ತಮ್ಮದೇ ಹಣದಲ್ಲಿ ನೇಮಿಸಬೇಕಾಗಿದ್ದವರನ್ನು ಈ ಲೆಕ್ಕಕ್ಕೆ ತೋರಿಸಿ ಸ್ಥಳೀಯ ಆಡಳಿತಗಳು ಕೈತೊಳೆದುಕೊಳ್ಳುತ್ತಿವೆ ಎಂಬ ದೂರು ಉದ್ದಕ್ಕೂ ಇತ್ತು. ಅಂಥ ಪ್ರಮಾಣ ಎಷ್ಟೆಂಬ ಬಗ್ಗೆ ಅಧ್ಯಯನಕಾರರ ಅಂದಾಜುಗಳು ಒಂದಕ್ಕೊಂದು ದೂರವಿದ್ದವು. ಆದರೆ ದೂರಿನ ರಾಜಕೀಯ ಪರಿಣಾಮ ಮಾತ್ರ ಖಚಿತವಾಗಿತ್ತು. 1982ರಲ್ಲಿ ಸೀಟಾದ ಬದಲಿಗೆ ಬಂದ ಕಾನೂನು ತರಬೇತಿಗೆ ಒತ್ತುಕೊಟ್ಟು, ಸಾರ್ವಜನಿಕ ನೌಕರಿಗಳನ್ನು ಕೈಬಿಟ್ಟಿತು.

ಪ್ರಶ್ನೆ: ಸರ್ಕಾರದ ಬೊಕ್ಕಸದಿಂದ ಹೋದ ಹಣವೆಲ್ಲ ಸಮಾಜಕ್ಕೆ ನಷ್ಟವೆಂದೇ ಲೆಕ್ಕ ಹಿಡಿಯಬೇಕೇ? ನಮ್ಮ ಪಠ್ಯದಲ್ಲಿ ವರ್ಗಾವಣೆ ಪಾವತಿ ಎಂಬ ಮಾತು ಬರುತ್ತದೆ. ಅದು ಇಲ್ಲಿಗೆ ಹೇಗೆ ಹೊಂದುತ್ತದೆ?
— ಅರ್ಥಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ಹಾಗೆ ಹಿಡಿಯಬಾರದು. ಸರ್ಕಾರ ಕೊಟ್ಟ ಸಂಬಳ ತೆರಿಗೆದಾರರ ಪಾಲಿಗೆ ಖರ್ಚು, ಪಡೆದವರ ಪಾಲಿಗೆ ಆದಾಯ. ಸಮಾಜವನ್ನು ಒಟ್ಟಾಗಿ ನೋಡಿದರೆ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋದ ಹಣ; ವರ್ಗಾವಣೆ ಎಂಬ ಮಾತು ಇಲ್ಲಿಗೆ ಹೊಂದುವುದು ಹೀಗೆ. ಸಮಾಜ ನಿಜವಾಗಿ ಕಳೆದುಕೊಳ್ಳುವುದು ಸಿಬ್ಬಂದಿಯ ಶ್ರಮ, ಕಟ್ಟಡ, ಸಾಮಗ್ರಿ ಮತ್ತು ಅಭ್ಯರ್ಥಿ ಆ ವೇಳೆಯಲ್ಲಿ ಬೇರೆ ಕಡೆ ದುಡಿಯಬಹುದಾಗಿದ್ದ ದುಡಿಮೆ. ಗಳಿಸುವುದು ಆತ ಉತ್ಪಾದಿಸಿದ ಸರಕು, ಸೇವೆ ಮತ್ತು ಮುಂದೆ ಹೆಚ್ಚುವ ದುಡಿಮೆ.

ಇದನ್ನು ಅಂಕಿಗಳಲ್ಲಿ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಅಮೆರಿಕದ್ದಲ್ಲ, ಬ್ರಿಟನ್ನಿನದು. ಅಲ್ಲಿನ ಸರ್ಕಾರ 2009ರಲ್ಲಿ ಫ್ಯೂಚರ್ ಜಾಬ್ಸ್ ಫಂಡ್ ಎಂಬ ಯೋಜನೆ ತಂದು, ಮುಖ್ಯವಾಗಿ 18ರಿಂದ 24 ವರ್ಷದ ನಿರುದ್ಯೋಗಿಗಳಿಗೆ ಆರು ತಿಂಗಳ ನೌಕರಿ ಕೊಡುವ ಸಂಸ್ಥೆಗಳಿಗೆ ನೌಕರಿಯೊಂದಕ್ಕೆ 6,500 ಪೌಂಡುಗಳವರೆಗೆ ಕೊಟ್ಟಿತು. ಆ ದೇಶದ ಕಾರ್ಮಿಕ ಮತ್ತು ಪಿಂಚಣಿ ಇಲಾಖೆ 2012ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ, ತಲಾ ಒಬ್ಬರ ಲೆಕ್ಕದಲ್ಲಿ ಪಾಲ್ಗೊಂಡವರಿಗೆ ಸುಮಾರು 4,000 ಪೌಂಡ್ ಲಾಭ, ಕೆಲಸ ಕೊಟ್ಟವರಿಗೆ 6,850 ಪೌಂಡ್ ಲಾಭ, ಖಜಾನೆಗೆ 3,100 ಪೌಂಡ್ ನಿವ್ವಳ ನಷ್ಟ. ಮೂರನ್ನೂ ಕೂಡಿ ಕಳೆದರೆ ಸಮಾಜಕ್ಕೆ 7,750 ಪೌಂಡ್ ಲಾಭ. 6,500 ಕೊಟ್ಟ ಖಜಾನೆಗೆ 3,100 ಮಾತ್ರ ಹೊರೆಯಾದದ್ದು ಹೇಗೆಂದರೆ, ಕೊಡಬೇಕಾಗಿದ್ದ ನಿರುದ್ಯೋಗ ಭತ್ಯೆ ಉಳಿಯಿತು, ತೆರಿಗೆ ಬಂತು.

ವಿಚಿತ್ರವೆಂದರೆ, ಈ ಯೋಜನೆಯನ್ನು ಹೊಸ ಸರ್ಕಾರ 2010ರಲ್ಲಿ ದುಬಾರಿಯೆಂಬ ಕಾರಣ ಕೊಟ್ಟು ನಿಲ್ಲಿಸುವುದಾಗಿ ಘೋಷಿಸಿದಾಗ ಮೌಲ್ಯಮಾಪನ ಇನ್ನೂ ಕೈಗೆ ಬಂದಿರಲಿಲ್ಲ. ಆದರೂ ತಾವು ಪರೀಕ್ಷೆಯಲ್ಲಿ ಈ ಅಂಕಿಗಳನ್ನು ಬರೆಯುವಾಗ ಒಂದನ್ನು ಗಮನಿಸಿ. ಎಲ್ಲರಿಗಿಂತ ಹೆಚ್ಚು ಲಾಭ ಪಡೆದವರು ಬಿಟ್ಟಿಯಾಗಿ ಆಳು ಸಿಕ್ಕ ಸಂಸ್ಥೆಗಳು. ಸಮಾಜಕ್ಕೆ ಲಾಭ ಎಂಬ ಮೊತ್ತ ಸರಿಯೇ ಇದ್ದರೂ, ಅದು ಯಾರ ಬಟ್ಟಲಿಗೆ ಬಿತ್ತು ಎಂಬುದನ್ನು ಆ ಮೊತ್ತ ಹೇಳುವುದಿಲ್ಲ.

ಪ್ರಶ್ನೆ: ಸಹಾಯಧನ ನಿಂತ ದಿನವೇ ನೌಕರಿಯೂ ನಿಲ್ಲುತ್ತದೆ ಎಂದು ಕೇಳಿದ್ದೇನೆ. ಹಾಗಿದ್ದರೆ ಮಾಡಿದ ಖರ್ಚೆಲ್ಲ ವ್ಯರ್ಥವೇ ತಾನೇ?
— ಪ್ರೌಢಶಾಲಾ ಶಿಕ್ಷಕರು

ಉತ್ತರ: ತಾವು ಕೇಳಿದ್ದರಲ್ಲಿ ಬಹಳಷ್ಟು ನಿಜವಿದೆ, ಆದರೆ ಎಲ್ಲರ ವಿಷಯದಲ್ಲೂ ಅಲ್ಲ. ಯಾರ ವಿಷಯದಲ್ಲಿ ನಿಜ, ಯಾರ ವಿಷಯದಲ್ಲಿ ಅಲ್ಲ ಎಂಬುದೇ ಮುಖ್ಯ.

1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ನಡೆದ ನ್ಯಾಷನಲ್ ಸಪೋರ್ಟೆಡ್ ವರ್ಕ್ ಎಂಬ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಕೆಲಸ ಸಿಗುವುದು ಅತ್ಯಂತ ಕಷ್ಟವಾಗಿದ್ದ ನಾಲ್ಕು ಬಗೆಯ ಜನರನ್ನು ಅದು ಆರಿಸಿಕೊಂಡಿತು: ಬಹುಕಾಲದಿಂದ ಸರ್ಕಾರಿ ನೆರವಿನ ಮೇಲಿದ್ದ ಒಂಟಿ ತಾಯಂದಿರು, ಮಾದಕವ್ಯಸನದಿಂದ ಹೊರಬಂದವರು, ಜೈಲಿನಿಂದ ಬಂದವರು, ಓದು ಬಿಟ್ಟ ಯುವಕರು. ಅರ್ಹರಾದವರನ್ನು ಲಾಟರಿಯಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಸಣ್ಣ ಸಣ್ಣ ತಂಡಗಳಲ್ಲಿ ಹೆಚ್ಚೆಂದರೆ 12 ಅಥವಾ 18 ತಿಂಗಳ ಕೆಲಸ ಕೊಟ್ಟರು; ಕೆಲಸದ ಬಿಗಿಯನ್ನು ಮೊದಲಿಗೆ ಸಡಿಲವಾಗಿಟ್ಟು ಕ್ರಮೇಣ ಹೆಚ್ಚಿಸಿದರು. 1980ರ ಅಂತಿಮ ವರದಿಯಲ್ಲಿ ತಾಯಂದಿರ ಗುಂಪಿನ ಗಳಿಕೆ ಯೋಜನೆ ಮುಗಿದ ಮೇಲೂ, ಕೆಲಸ ಕೊಡದೆ ಬಿಟ್ಟ ಹೋಲಿಕೆ ಗುಂಪಿಗಿಂತ ಹೆಚ್ಚಾಗಿಯೇ ಉಳಿದಿತ್ತು, ಲಾಭ ಖರ್ಚನ್ನು ಮೀರಿತ್ತು. ವ್ಯಸನಮುಕ್ತರ ಗುಂಪಿನಲ್ಲಿ ಅಪರಾಧ ಇಳಿದದ್ದರಿಂದ ಸಮಾಜಕ್ಕೆ ಲೆಕ್ಕ ಗಿಟ್ಟಿತು. ಆದರೆ ಓದು ಬಿಟ್ಟ ಯುವಕರಲ್ಲಿ ಖರ್ಚಿಗೆ ತಕ್ಕ ಫಲ ಕಾಣಲಿಲ್ಲ. ಒಂದೇ ಯೋಜನೆ, ಒಂದೇ ಬಗೆಯ ಖರ್ಚು, ಆದರೂ ಒಬ್ಬರಿಗೆ ಅಗ್ಗ, ಇನ್ನೊಬ್ಬರಿಗೆ ದುಬಾರಿ. ಆ ತಾಯಂದಿರು ತಾವಾಗಿ ಕೆಲಸಕ್ಕೆ ಹೋಗುವ ಸಂಭವ ಕಡಿಮೆಯಿತ್ತು. ಯುವಕರಾದರೋ ಇವತ್ತಲ್ಲದಿದ್ದರೆ ನಾಳೆ ಎಲ್ಲಾದರೂ ಸೇರಿಕೊಳ್ಳುತ್ತಿದ್ದರು. ಹೋಲಿಕೆ ಗುಂಪು ಇಲ್ಲದ ವರದಿಯಲ್ಲಿ ಈ ಸತ್ಯ ಪೂರ್ತಿ ಮುಚ್ಚಿಹೋಗುತ್ತದೆ, ಏಕೆಂದರೆ ಅಲ್ಲಿ ‘ಯೋಜನೆ ಮುಗಿದ ಮೇಲೆ ಕೆಲಸದಲ್ಲಿದ್ದವರು’ ಎಂಬ ಪಟ್ಟಿಯಲ್ಲಿ ಯುವಕರೇ ಮುಂದಿರುವ ಸಾಧ್ಯತೆ ಹೆಚ್ಚು.

ಮೊದಲು ಹೇಳಿದ ನ್ಯೂಯಾರ್ಕಿನ ಸಂಸ್ಥೆಯ ಕಥೆ ಇನ್ನೂ ಸ್ವಾರಸ್ಯಕರ. 2004–05ರಲ್ಲಿ ಸೇರಿದ 977 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ನೌಕರಿಯ ಲಾಭ ತಾತ್ಕಾಲಿಕ ಕೆಲಸ ಇರುವವರೆಗೆ ಮಾತ್ರ ಕಂಡು, ಮೊದಲ ವರ್ಷದೊಳಗೇ ಕರಗಿಹೋಯಿತು. ತಾವು ಹೇಳಿದ ಅಳತೆಯಿಂದ ನೋಡಿದರೆ ಯೋಜನೆ ಸೋತಿತು. ಆದರೆ ಮೂರು ವರ್ಷಗಳ ಅವಧಿಯಲ್ಲಿ ಮತ್ತೆ ಅಪರಾಧಕ್ಕೆ ಸಿಕ್ಕಿಬಿದ್ದವರ ಪ್ರಮಾಣ ಇಳಿದಿತ್ತು. ಬಿಡುಗಡೆಯಾದ ಮೂರು ತಿಂಗಳೊಳಗೆ ಬಂದು ಸೇರಿದವರಲ್ಲಂತೂ ಇಳಿಕೆ ಎದ್ದು ಕಾಣುತ್ತಿತ್ತು. ಪೊಲೀಸು, ನ್ಯಾಯಾಲಯ, ಜೈಲುಗಳ ಖರ್ಚು ಉಳಿದದ್ದರಿಂದ ಒಟ್ಟು ಲಾಭ ಖರ್ಚಿಗಿಂತ ಹೆಚ್ಚಾಯಿತು. ಹಾಗೆಂದು ಇದನ್ನು ನಿಯಮವೆಂದು ಸಾರಲು ಬರುವುದಿಲ್ಲ. ಷಿಕಾಗೊ, ಡೆಟ್ರಾಯಿಟ್, ಮಿಲ್ವಾಕಿ, ಸೇಂಟ್ ಪಾಲ್ ನಗರಗಳಲ್ಲಿ ಜೈಲಿನಿಂದ ಬಂದವರಿಗಾಗಿ ಇಂಥದೇ ಯೋಜನೆಗಳನ್ನು ಪರೀಕ್ಷಿಸಿದಾಗ ಅಪರಾಧ ಇಳಿಯಲಿಲ್ಲ, ನೌಕರಿಯ ಲಾಭವೂ ಹಾಗೆಯೇ ಕರಗಿತು.

ಪ್ರಶ್ನೆ: ಸಹಾಯಧನವನ್ನು ಒಮ್ಮೆಲೇ ನಿಲ್ಲಿಸುವ ಬದಲು ಸ್ವಲ್ಪ ಸ್ವಲ್ಪವಾಗಿ ಇಳಿಸಬಾರದೇ?
— ಒಬ್ಬ ಓದುಗರು

ಉತ್ತರ: ಇಳಿಸಬಹುದು, ಇಳಿಸಿದ್ದೂ ಉಂಟು. ಮಿಸಿಸಿಪ್ಪಿ ರಾಜ್ಯ 2010ರಲ್ಲಿ ನಡೆಸಿದ ಯೋಜನೆಯಲ್ಲಿ ಆರಂಭದ ತಿಂಗಳುಗಳಲ್ಲಿ ಪೂರ್ತಿ ಸಂಬಳ ಕೊಟ್ಟು, ಆರನೆಯ ತಿಂಗಳ ಹೊತ್ತಿಗೆ ಅದನ್ನು ಕಾಲುಭಾಗಕ್ಕೆ ಇಳಿಸಿದರು. ಜರ್ಮನಿಯಲ್ಲಿ 2019ರಿಂದ ಬಹುಕಾಲದ ನಿರುದ್ಯೋಗಿಗಳಿಗೆ ಐದು ವರ್ಷಗಳ ವ್ಯವಸ್ಥೆಯಿದೆ: ಮೊದಲ ಎರಡು ವರ್ಷ ಶೇ 100, ಆಮೇಲೆ ವರ್ಷಕ್ಕೆ ಹತ್ತರಂತೆ ಇಳಿಕೆ. ಅಮೆರಿಕದ 2014ರ ಕಾರ್ಮಿಕಶಕ್ತಿ ಕಾನೂನಿನಲ್ಲಿ ಕೆಲಸದ ಜಾಗದಲ್ಲೇ ತರಬೇತಿ ಕೊಡುವ ಮಾಲೀಕರಿಗೆ ಸಾಮಾನ್ಯವಾಗಿ ಸಂಬಳದ ಅರ್ಧದವರೆಗೆ, ಕೆಲವು ಸಂದರ್ಭಗಳಲ್ಲಿ ಶೇ 75ರವರೆಗೆ ಮರುಪಾವತಿಗೆ ಅವಕಾಶವಿದೆ. ಮಾಲೀಕರು ತಮ್ಮ ಹಣವನ್ನೂ ಹಾಕಬೇಕಾದಾಗ ಆಳನ್ನು ನಿಜವಾಗಿ ಬೇಕಾದವರೇ ಮುಂದೆ ಬರುತ್ತಾರೆ. ಆದರೆ ಹಾಗೆ ಬಂದವರು ಹೆಚ್ಚು ಕೌಶಲವಿರುವವರನ್ನೇ ಹೆಕ್ಕುತ್ತಾರೆ ಎಂಬುದು ಇದರ ಇನ್ನೊಂದು ಮುಖ.

ಪ್ರಶ್ನೆ: ಕೈಗೆ ಸಂಬಳ ಬಂದ ಕೂಡಲೇ ಬಡವರಿಗೆ ಸಿಗುತ್ತಿದ್ದ ಬೇರೆ ಸವಲತ್ತುಗಳು ಕಡಿತವಾಗುತ್ತವೆ. ಈ ನಷ್ಟವನ್ನು ಯೋಜನೆಯ ಖರ್ಚಿನಲ್ಲಿ ಯಾರೂ ಏಕೆ ಸೇರಿಸುವುದಿಲ್ಲ?
— ಸಮಾಜಕಾರ್ಯ ವಿಭಾಗದ ಉಪನ್ಯಾಸಕಿ

ಉತ್ತರ: ಸೇರಿಸುವವರು ಇದ್ದಾರೆ, ಆದರೆ ಖಜಾನೆಯ ಕಡೆ ‘ಉಳಿತಾಯ’ ಎಂಬ ಹೆಸರಿನಲ್ಲಿ. ಅದೇ ಮೊತ್ತ ಅಭ್ಯರ್ಥಿಯ ಕಡೆಯಿಂದ ನೋಡಿದರೆ ಕಳೆದುಕೊಂಡದ್ದು. ಅಮೆರಿಕದ ಆಹಾರ ನೆರವಿನ ಯೋಜನೆಯಾದ ಸ್ನ್ಯಾಪ್‌ನಲ್ಲಿ ದುಡಿಮೆಯ ಆದಾಯದಲ್ಲಿ ಶೇ 20ನ್ನು ಬಿಟ್ಟು, ಉಳಿದ ನಿವ್ವಳ ಆದಾಯದ ಶೇ 30ರಷ್ಟನ್ನು ನೆರವಿನಿಂದ ಕಳೆಯುತ್ತಾರೆ. ಹೆಚ್ಚುವರಿಯಾಗಿ ದುಡಿದ 100 ಡಾಲರಿಗೆ ಸಾಮಾನ್ಯವಾಗಿ 24 ಡಾಲರ್ ನೆರವು ಇಳಿದಂತಾಯಿತು. ಸರ್ಕಾರಿ ನೆರವಿನ ಮನೆಯಲ್ಲಿದ್ದರೆ ಬಾಡಿಗೆ ಸುಮಾರಾಗಿ ಆದಾಯದ ಶೇ 30ರ ಲೆಕ್ಕದಲ್ಲಿ ಏರುತ್ತದೆ. ಬಾಡಿಗೆ ಏರಿದರೆ ಸ್ನ್ಯಾಪ್‌ನ ಲೆಕ್ಕದಲ್ಲಿ ಒಂದಿಷ್ಟು ವಿನಾಯಿತಿ ಸಿಗುವುದರಿಂದ ಈ ಎರಡನ್ನೂ ಕಣ್ಣುಮುಚ್ಚಿ ಕೂಡಿಸಬಾರದು. ಸಂಬಳದಿಂದಲೇ ಶೇ 7.65 ಕಡಿತವಾಗುತ್ತದೆ. ಓಡಾಟದ ಖರ್ಚು ಬೇರೆ. ವರ್ಷದ ಕೊನೆಗೆ ದುಡಿಯುವ ಬಡವರಿಗೆ ಸಿಗುವ ತೆರಿಗೆ ಮರುಪಾವತಿ ಇದರಲ್ಲಿ ಒಂದಷ್ಟನ್ನು ತುಂಬಿಕೊಡಬಹುದು. ಆದರೆ ಬಾಡಿಗೆ ತಿಂಗಳು ತಿಂಗಳೂ ಕೇಳುತ್ತದೆ.

ತಮ್ಮ ಪ್ರಶ್ನೆಗೆ ಒಂದು ಮಾತು ಸೇರಿಸುತ್ತೇನೆ. ಅಭ್ಯರ್ಥಿಗಳು ಅರ್ಧದಲ್ಲೇ ಕೆಲಸ ಬಿಟ್ಟರೆ ‘ಶ್ರದ್ಧೆಯಿಲ್ಲ’ ಎಂದು ಷರಾ ಬರೆಯುವ ಅಧಿಕಾರಿಗಳು ಮೊದಲು ಈ ಕೂಡಿ ಕಳೆಯುವ ಲೆಕ್ಕವನ್ನು ಅವರ ಪರವಾಗಿ ಮಾಡಿ ನೋಡಬೇಕು. 100 ಡಾಲರ್ ದುಡಿದು ಕೈಯಲ್ಲಿ ಅರ್ಧವೂ ಉಳಿಯದಿದ್ದರೆ ಬಿಡುವವರ ತಪ್ಪೇನು?

ಪ್ರಶ್ನೆ: ಆರ್ಥಿಕ ಹಿಂಜರಿತದಂಥ ಸಂದರ್ಭದಲ್ಲಿ ಲಕ್ಷಾಂತರ ಜನರಿಗೆ ಹೀಗೆ ಕೆಲಸ ಕೊಡಲು ಯಾವ ಸರ್ಕಾರಕ್ಕೆ ತಾನೇ ಸಾಧ್ಯ? ಹಾಗೆ ಕೊಟ್ಟ ಕೆಲಸಕ್ಕೆ ಬೆಲೆಯಾದರೂ ಇರುತ್ತದೆಯೇ, ಇಲ್ಲವೇ ಗುಂಡಿ ತೋಡಿ ಮುಚ್ಚಿದಂತೆಯೇ?
— ಬ್ಯಾಂಕ್ ಉದ್ಯೋಗಿ

ಉತ್ತರ: ಮೊದಲ ಭಾಗಕ್ಕೆ ಹತ್ತಿರದ ಉದಾಹರಣೆ ಅಮೆರಿಕದ 2009ರ ಫೆಬ್ರವರಿಯ ಆರ್ಥಿಕ ಚೇತರಿಕೆ ಕಾನೂನು. ಬಡ ಕುಟುಂಬಗಳ ನೆರವಿಗೆಂದು ಅದರಲ್ಲಿ 500 ಕೋಟಿ ಡಾಲರಿನ ತುರ್ತು ನಿಧಿಯನ್ನಿಟ್ಟರು. ಅದರಲ್ಲಿ ಸುಮಾರು 130 ಕೋಟಿ ಡಾಲರನ್ನು ರಾಜ್ಯಗಳು ವೇತನ ಸಹಾಯಧನದ ನೌಕರಿಗಳಿಗೆ ಬಳಸಿಕೊಂಡು 2,60,000ಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟವು. ಭಾಗಿಸಿದರೆ ತಲಾ ಸುಮಾರು 5,000 ಡಾಲರ್. ಆದರೆ ಅರ್ಧದಷ್ಟು ನೌಕರಿಗಳು ಯುವಕರಿಗೆ ಬೇಸಿಗೆಯ ಕೆಲವು ವಾರಗಳ ಮಟ್ಟಿಗೆ ಕೊಟ್ಟಂಥವು. ವಯಸ್ಕರ ದೀರ್ಘ ನೌಕರಿಗಳ ಖರ್ಚು ಈ ಸರಾಸರಿಯಲ್ಲಿ ಅಡಗಿದೆ.

ಇಲ್ಲಿ ಹಣ ಹೊಂದಿಸಿದ ಚಾತುರ್ಯವನ್ನು ಬ್ಯಾಂಕಿನವರಾದ ತಾವು ಮೆಚ್ಚುವಿರಿ. ಹೆಚ್ಚುವರಿ ಖರ್ಚಿನ ಶೇ 80ನ್ನು ಒಕ್ಕೂಟ ಸರ್ಕಾರ ಕೊಡುತ್ತಿತ್ತು. ಉಳಿದ ಶೇ 20 ರಾಜ್ಯದ ಹೊಣೆ. ಬೊಕ್ಕಸ ಬರಿದಾಗಿದ್ದ ರಾಜ್ಯಗಳು ಅದನ್ನು ಎಲ್ಲಿಂದ ತರಬೇಕು? ಮಾಲೀಕರು ಹೊಸಬರ ಮೇಲ್ವಿಚಾರಣೆಗೆ, ತರಬೇತಿಗೆ ವ್ಯಯಿಸುವ ವೇಳೆಯ ಬೆಲೆಯನ್ನು ಸಂಬಳದ ಶೇ 25ರವರೆಗೆ ಲೆಕ್ಕ ಹಿಡಿಯಲು ಅನುಮತಿಯಿತ್ತು. 100 ಡಾಲರ್ ಸಂಬಳ, 25 ಡಾಲರ್ ಮೇಲ್ವಿಚಾರಣೆ, ಒಟ್ಟು 125. ಅದರ ಶೇ 80 ಎಂದರೆ ಸರಿಯಾಗಿ 100. ರಾಜ್ಯದ ಕೈಯಿಂದ ಒಂದು ಸೆಂಟೂ ಬಿಚ್ಚದೆ ಸಂಬಳ ಪೂರ್ತಿ ಬಂದುಬಿಟ್ಟಿತು. 2010ರ ಸೆಪ್ಟೆಂಬರ್ 30ರಂದು ನಿಧಿ ಮುಗಿದಾಗ ಬಹುತೇಕ ಯೋಜನೆಗಳು ಬಾಗಿಲು ಹಾಕಿದ್ದಕ್ಕೂ ಈ ಚಾತುರ್ಯವೇ ಒಂದು ಕಾರಣವೆಂದು ನನಗನ್ನಿಸುತ್ತದೆ; ತಮ್ಮ ಹಣವನ್ನು ತೊಡಗಿಸದವರಿಗೆ ಮುಂದುವರಿಸುವ ತವಕ ಎಲ್ಲಿಂದ ಬರಬೇಕು?

ಇದಕ್ಕಿಂತ ಎಷ್ಟೋ ದೊಡ್ಡದು 1935ರಿಂದ 1943ರವರೆಗೆ ನಡೆದ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ ಎಂಬ ಅಮೆರಿಕದ ಸರ್ಕಾರಿ ಉದ್ಯೋಗ ಯೋಜನೆ. ಆ ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನರು ಅದರಲ್ಲಿ ದುಡಿದರು. ಗುಂಡಿ ತೋಡುವ ಕೆಲಸವೆಂಬ ಕುಹಕ ಆಗಲೂ ಇತ್ತು. ಆದರೆ ಅವರು ಕಟ್ಟಿದ ಅಥವಾ ದುರಸ್ತಿ ಮಾಡಿದ ರಸ್ತೆಗಳ ಉದ್ದ ಸುಮಾರು 6,50,000 ಮೈಲಿ, ಸಾರ್ವಜನಿಕ ಕಟ್ಟಡಗಳು ಸುಮಾರು 1,25,000. ಇಂಥ ಕೆಲಸಕ್ಕೆ ಬೆಲೆ ಕಟ್ಟುವ ಒಪ್ಪಿತ ಕ್ರಮವೆಂದರೆ, ಅದನ್ನೇ ಬೇರೊಬ್ಬ ಗುತ್ತಿಗೆದಾರರಿಂದ ಮಾಡಿಸಿದ್ದರೆ ಎಷ್ಟು ಕೊಡಬೇಕಾಗುತ್ತಿತ್ತು ಎಂದು ನೋಡುವುದು. ಸಪೋರ್ಟೆಡ್ ವರ್ಕ್ ಪ್ರಯೋಗದಲ್ಲೂ ಹೀಗೆಯೇ ಮಾಡಿದರು. ರಸ್ತೆಗೆ, ಗೋಡೆಗೆ ಈ ಅಳತೆ ಒಪ್ಪುತ್ತದೆ. ಎಲ್ಲಕ್ಕೂ ಒಪ್ಪುವುದಿಲ್ಲ. ನ್ಯೂಯಾರ್ಕಿನ ಲಗಾರ್ಡಿಯಾ ವಿಮಾನ ನಿಲ್ದಾಣ ಈ ಯೋಜನೆಯ ಕೆಲಸಗಾರರಿಂದಲೇ ಎದ್ದು 1939ರಲ್ಲಿ ಆರಂಭವಾಯಿತು. ಅದರ ಮರೀನ್ ಏರ್ ಟರ್ಮಿನಲ್ಲಿನ ದುಂಡು ಗೋಡೆಯ ಮೇಲೆ, ಇದೇ ಯೋಜನೆಯಡಿ ಕೂಲಿ ಪಡೆದ ಜೇಮ್ಸ್ ಬ್ರೂಕ್ಸ್ ಎಂಬ ಕಲಾವಿದ ಮನುಷ್ಯನ ಹಾರಾಟದ ಕಥೆ ಹೇಳುವ ಬೃಹತ್ ಭಿತ್ತಿಚಿತ್ರವನ್ನು 1942ರಲ್ಲಿ ಬರೆದು ಮುಗಿಸಿದರು. 1950ರ ದಶಕದಲ್ಲಿ ಅದಕ್ಕೆ ಯಾವ ಬೆಲೆಯೂ ಇಲ್ಲವೆಂಬಂತೆ ಮೇಲೆ ಬಣ್ಣ ಬಳಿದುಬಿಟ್ಟರು. 1980ರಲ್ಲಿ ಆ ಬಣ್ಣವನ್ನು ಕೆರೆದು ಚಿತ್ರವನ್ನು ಮರಳಿ ಹೊರತೆಗೆದರು.